ಆಪರೇಷನ್‌ಗೆ ಮುಂಚೆ ಅರಿವಳಿಕೆ ತಪಾಸಣೆ: ಯಾರಿಗೆ ಬೇಕು, ಎಷ್ಟು ಮುಂಚೆ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಆಪರೇಷನ್ ಗೊತ್ತಾದ ಕೂಡಲೇ ಮನೆಯವರು ಕೇಳುವುದು ಮೂರು ವಿಷಯ. ಸರ್ಜನ್ ಯಾರು, ಖರ್ಚೆಷ್ಟು, ಎಷ್ಟು ದಿನ ಅಡ್ಮಿಟ್ ಆಗಬೇಕು. ಅರಿವಳಿಕೆ (ಅನಸ್ತೇಶಿಯಾ) ಡಾಕ್ಟರ ವಿಷಯ ಬರುವುದು ಸಾಮಾನ್ಯವಾಗಿ ಹಿಂದಿನ ದಿನ ಸಂಜೆ, ವಾರ್ಡಿನಲ್ಲಿ. ಬಹಳ ಜನರಿಗೆ ಅಷ್ಟೇ ಸಾಕು. ಆದರೆ ಕೆಲವರ ಪಾಲಿಗೆ ಅದು ತೀರಾ ತಡ. ಅಂಥವರು ಯಾರು, ಅವರನ್ನು ಗುರುತಿಸುವುದು ಹೇಗೆ ಅನ್ನುವುದನ್ನು ಅರಿವಳಿಕೆ ಡಾಕ್ಟರಾದ ನಾವು ಇಲ್ಲಿ ಹೇಳಿದ್ದೇವೆ. ನಿಮ್ಮ ವಿಷಯದಲ್ಲಿ ಕೊನೆಯ ಮಾತು ನಿಮ್ಮನ್ನು ನೋಡಿದ ಡಾಕ್ಟರದೇ.

ಆಪರೇಷನ್ ಆಗುವ ಎಲ್ಲರಿಗೂ ಅರಿವಳಿಕೆ ತಪಾಸಣೆ ಬೇಕಾ?

ಪೂರ್ತಿ ಪ್ರಜ್ಞೆ ತಪ್ಪಿಸುವುದಿರಲಿ, ಬೆನ್ನಿಗೆ ಇಂಜೆಕ್ಷನ್ ಕೊಡುವುದಿರಲಿ, ಕೈಯ ನರಕ್ಕೆ ಬ್ಲಾಕ್ ಕೊಡುವುದಿರಲಿ, ಅರಿವಳಿಕೆ ಡಾಕ್ಟರು ಮುಂಚೆ ನೋಡಲೇಬೇಕು. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಆಸ್ಪತ್ರೆಗಳಲ್ಲಿ ಇದು ನಿಯಮ. ಮುಂಚೆ ಒಮ್ಮೆ ಅರಿವಳಿಕೆ ತಜ್ಞರು ನೋಡಬೇಕು, ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವ ಮುಂಚೆ ಇನ್ನೊಮ್ಮೆ ನೋಡಬೇಕು. ಮಾನ್ಯತೆ ಇಲ್ಲದ ಚಿಕ್ಕ ನರ್ಸಿಂಗ್ ಹೋಮಿನಲ್ಲೂ ಇದೇ ಪದ್ಧತಿ ಇರಬೇಕು. ಇಲ್ಲದಿದ್ದರೆ ಕೇಳಿ ಪಡೆಯಿರಿ.

ಚರ್ಮದ ಮೇಲಿನ ಗಂಟು ತೆಗೆಯುವುದು, ಉಗುರು ತೆಗೆಯುವುದು, ಹಲ್ಲು ಕೀಳುವುದು ಇವಕ್ಕೆಲ್ಲ ಆ ಜಾಗಕ್ಕೆ ಮಾತ್ರ ಮರಗಟ್ಟಿಸುವ ಸೂಜಿ ಹಾಕುತ್ತಾರೆ. ಇಲ್ಲಿ ಬೇರೆ ತಪಾಸಣೆ ಸಾಮಾನ್ಯವಾಗಿ ಬೇಡ. ನಿಮ್ಮ ಕಾಯಿಲೆ, ಮಾತ್ರೆ, ಅಲರ್ಜಿ ಏನಿದೆ ಅಂತ ಸರ್ಜನ್ ಕೇಳಿಕೊಂಡರೆ ಸಾಕು.

ಹಾಗಾಗಿ ನಿಜವಾದ ಪ್ರಶ್ನೆ ಬೇಕೋ ಬೇಡವೋ ಅನ್ನುವುದಲ್ಲ. ಆಪರೇಷನ್ ದಿನವೇ ನೋಡಿದರೆ ನಡೆಯುತ್ತದಾ, ಕೆಲವು ವಾರ ಮುಂಚೆಯೇ ನೋಡಬೇಕಾ ಅನ್ನುವುದು.

ಹಾಗಾದರೆ ವಾರಗಳ ಮುಂಚೆ ಬರಬೇಕಾದವರು ಯಾರು?

ಮೂರು ವಿಷಯ ಕೂಡಿಸಿ ನೋಡುತ್ತೇವೆ. ಒಂದು, ನಿಮ್ಮ ದೇಹದ ಸ್ಥಿತಿ. ಎರಡು, ಆಪರೇಷನ್ ಎಷ್ಟು ದೊಡ್ಡದು. ಮೂರನೆಯದು ತುಂಬ ಜನ ಮರೆಯುವಂಥದ್ದು: ಏನಾದರೂ ಸಮಸ್ಯೆ ಸಿಕ್ಕಿದರೆ ಅದನ್ನು ಸರಿಮಾಡಲು ಎಷ್ಟು ಸಮಯ ಬೇಕು.

ಇಪ್ಪತ್ತೈದರ ಹುಡುಗನಿಗೆ ಹರ್ನಿಯಾ, ಬೇರೆ ಯಾವ ಕಾಯಿಲೆಯೂ ಇಲ್ಲ. ಅವನನ್ನು ಬೆಳಿಗ್ಗೆ ನೋಡಿ ಮಧ್ಯಾಹ್ನ ಆಪರೇಷನ್ ಮಾಡಬಹುದು. ಅರವತ್ತೆಂಟರ ಹೆಂಗಸಿಗೆ ಮಂಡಿ ಚಿಪ್ಪಿನ ಆಪರೇಷನ್, ಶುಗರ್ ಇದೆ, ರಕ್ತ ಕಡಿಮೆ ಇದೆ. ಅವರನ್ನು ಹಿಂದಿನ ಸಂಜೆ ನೋಡಿದರೆ ನಮಗೆ ಉಳಿಯುವುದು ಎರಡೇ ದಾರಿ. ಹಾಗೇ ಮುಂದುವರಿಯಬೇಕು, ಇಲ್ಲ ಮುಂದೂಡಬೇಕು. ಮೂರು ವಾರ ಮುಂಚೆ ಬಂದಿದ್ದರೆ ರಕ್ತವೂ ಏರುತ್ತಿತ್ತು, ಶುಗರೂ ಹಿಡಿತಕ್ಕೆ ಬರುತ್ತಿತ್ತು, ತಾರೀಖೂ ಬದಲಾಗುತ್ತಿರಲಿಲ್ಲ. ಇದನ್ನೇ ಇಷ್ಟು ಒತ್ತಿ ಹೇಳುವುದು ಯಾಕೆಂದರೆ ಮುಂಚೆ ಬಂದದ್ದರಿಂದ ತಪ್ಪುವ ತೊಂದರೆಗಳೇ ಜಾಸ್ತಿ.

ಕೆಳಗಿನ ಯಾವುದಾದರೂ ಇದ್ದರೆ ಆಪರೇಷನ್ ತೀರ್ಮಾನವಾದ ವಾರವೇ ಅರಿವಳಿಕೆ ಒಪಿಡಿಗೆ ಬನ್ನಿ:

- ಹಿಂದೆ ಹಾರ್ಟ್ ಅಟ್ಯಾಕ್, ಸ್ಟೆಂಟ್, ಬೈಪಾಸ್, ವಾಲ್ವ್ ತೊಂದರೆ, ಪೇಸ್‌ಮೇಕರ್, ಪಾರ್ಶ್ವವಾಯು
- ಅಸ್ತಮಾ, ಸಿಒಪಿಡಿ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ನಡೆದರೆ ಏದುಸಿರು, ರಾತ್ರಿ ಜೋರು ಗೊರಕೆ
- ಇನ್ಸುಲಿನ್ ತೆಗೆದುಕೊಳ್ಳುವವರು, ಹಿಡಿತಕ್ಕೆ ಬಾರದ ಶುಗರ್ ಅಥವಾ ಬಿಪಿ
- ಕಿಡ್ನಿ ತೊಂದರೆ, ಡಯಾಲಿಸಿಸ್, ಲಿವರ್ ಕಾಯಿಲೆ
- ರಕ್ತ ತೆಳು ಮಾಡುವ ಮಾತ್ರೆ, ತಿಂಗಳುಗಟ್ಟಲೆ ಸ್ಟೀರಾಯ್ಡ್
- ಫಿಟ್ಸ್, ಥೈರಾಯ್ಡ್, ಸಂಧಿವಾತದಿಂದ ಕುತ್ತಿಗೆ ಬಿಗಿತ
- ಬಾಯಿ ಪೂರ್ತಿ ತೆರೆಯಲು ಆಗದಿರುವುದು
- ನಿಮಗೋ ರಕ್ತಸಂಬಂಧಿಗೋ ಹಿಂದೆ ಅರಿವಳಿಕೆಯಲ್ಲಿ ತೊಂದರೆ ಆಗಿದ್ದರೆ
- ದೊಡ್ಡ ಆಪರೇಷನ್, ನೀವು ಎಷ್ಟೇ ಆರೋಗ್ಯವಾಗಿದ್ದರೂ

ಯಾವುದು ದೊಡ್ಡ ಆಪರೇಷನ್, ಯಾವುದು ಚಿಕ್ಕದು?

ಗಾಯದ ಉದ್ದ ನೋಡಿ ಹೇಳುವಂತಿಲ್ಲ. ರಕ್ತ ಎಷ್ಟು ಹೋಗಬಹುದು, ಹೊಟ್ಟೆ ಅಥವಾ ಎದೆ ತೆರೆಯಬೇಕಾ, ಎಷ್ಟು ಹೊತ್ತು ಹಿಡಿಯುತ್ತದೆ, ಆಮೇಲೆ ಐಸಿಯು ಬೇಕಾಗಬಹುದಾ ಅನ್ನುವುದೇ ಲೆಕ್ಕ. ಕಣ್ಣಿನ ಪೊರೆ, ಸ್ತನದ ಚಿಕ್ಕ ಗಂಟು ಚಿಕ್ಕವು. ಹರ್ನಿಯಾ, ಟಾನ್ಸಿಲ್, ಮಂಡಿಯೊಳಗೆ ಕ್ಯಾಮೆರಾ ಹಾಕಿ ನೋಡುವುದು ಮಧ್ಯಮ. ಗರ್ಭಕೋಶ ತೆಗೆಯುವುದು, ಮಂಡಿ ಅಥವಾ ಸೊಂಟದ ಕೀಲು ಬದಲಿಸುವುದು, ಕರುಳಿನ ಕ್ಯಾನ್ಸರ್ ಆಪರೇಷನ್, ಪ್ರಾಸ್ಟೇಟ್ ತೆಗೆಯುವುದು, ಶ್ವಾಸಕೋಶದ ಆಪರೇಷನ್ ದೊಡ್ಡವು.

ಚೀಟಿಯಲ್ಲಿ ‘ಎಎಸ್ಎ 2’ ಅಂತ ಬರೆದಿದ್ದಾರೆ. ಏನಾದರೂ ಭಯ ಇದೆಯಾ?

ಭಯವೇನಿಲ್ಲ. ಅಮೆರಿಕದ ಅರಿವಳಿಕೆ ತಜ್ಞರ ಸಂಘದವರು 1941ರಲ್ಲಿ ಶುರು ಮಾಡಿದ ದರ್ಜೆ ಇದು. ಈಗ ಎಲ್ಲ ಕಡೆ ಬಳಕೆಯಲ್ಲಿದೆ. 1 ಅಂದರೆ ಪೂರ್ತಿ ಆರೋಗ್ಯವಂತರು. 2 ಅಂದರೆ ಹಿಡಿತದಲ್ಲಿರುವ ಶುಗರ್, ಬಿಪಿಯಂಥ ಸೌಮ್ಯ ಕಾಯಿಲೆ ಇರುವವರು. ಬೀಡಿ ಸಿಗರೇಟು ಸೇದುವವರೂ, ಆರೋಗ್ಯವಾಗಿರುವ ಗರ್ಭಿಣಿಯರೂ ಇದರಲ್ಲೇ ಬರುತ್ತಾರೆ. 3 ಅಂದರೆ ದೇಹದ ಶಕ್ತಿಯನ್ನು ಕುಗ್ಗಿಸುವಷ್ಟು ಕಾಯಿಲೆ. ಹಿಡಿತವಿಲ್ಲದ ಶುಗರ್, ಸಿಒಪಿಡಿ, ತಪ್ಪದೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಹಾರ್ಟ್ ಅಟ್ಯಾಕ್ ಆಗಿ 3 ತಿಂಗಳು ಕಳೆದವರು ಇಲ್ಲಿ ಬರುತ್ತಾರೆ. 4 ಅಂದರೆ ಕಾಯಿಲೆಯಿಂದಲೇ ಜೀವಕ್ಕೆ ಸದಾ ಅಪಾಯ ಇರುವವರು. 5 ಅಂದರೆ ಆಪರೇಷನ್ ಆಗದಿದ್ದರೆ ಉಳಿಯುವ ಭರವಸೆ ಇಲ್ಲದವರು. 6 ಮೆದುಳು ನಿಷ್ಕ್ರಿಯವಾಗಿ ಅಂಗಾಂಗ ದಾನಕ್ಕೆ ಬಂದವರಿಗೆ. ಜತೆಗೆ ‘ಇ’ ಅಂತ ಇದ್ದರೆ ಅದು ಎಮರ್ಜೆನ್ಸಿ.

1 ಅಥವಾ 2 ಇದ್ದು ಆಪರೇಷನ್ ಚಿಕ್ಕದಾಗಿದ್ದರೆ ಅದೇ ದಿನ ನೋಡಿದರೂ ಸಾಮಾನ್ಯವಾಗಿ ನಡೆಯುತ್ತದೆ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಮುಂಚೆಯೇ ಬರಬೇಕು. ಈ ದರ್ಜೆಯಲ್ಲಿ ಆಪರೇಷನ್ ಎಷ್ಟು ದೊಡ್ಡದು ಅನ್ನುವ ಲೆಕ್ಕ ಸೇರಿಲ್ಲ. ಅದಕ್ಕೇ ಇದೊಂದನ್ನೇ ಹಿಡಿದು ಯಾರೂ ತೀರ್ಮಾನ ಮಾಡಬಾರದು.

ಎರಡು ಮಹಡಿ ಮೆಟ್ಟಿಲು ಹತ್ತುತ್ತೀರಾ ಅಂತ ಯಾಕೆ ಕೇಳುತ್ತಾರೆ?

ದೊಡ್ಡ ಆಪರೇಷನ್ ಆದ ಮೇಲೆ ಹೃದಯ, ಶ್ವಾಸಕೋಶ ಎರಡಕ್ಕೂ ಕೆಲವು ದಿನ ಜಾಸ್ತಿ ಕೆಲಸ. ಆ ಕೆಲಸ ಮಾಡುವ ತಾಕತ್ತು ಇದೆಯಾ ಅಂತ ತಿಳಿಯಲು ಸುಲಭದ ದಾರಿ ನಿಮ್ಮ ದಿನನಿತ್ಯದ ಓಡಾಟ. ನಿಲ್ಲದೆ ಎರಡು ಮಹಡಿ ಹತ್ತುವವರಿಗೆ ಸುಮಾರು 4 ಮೆಟ್ ಶಕ್ತಿ ಇದೆ ಅಂತ ಲೆಕ್ಕ. ಸುಮ್ಮನೆ ಕೂತಿರುವಾಗ ದೇಹ ಬಳಸುವ ಆಮ್ಲಜನಕಕ್ಕೆ 1 ಮೆಟ್ ಅನ್ನುತ್ತಾರೆ. 4 ಅಂದರೆ ಅದರ ನಾಲ್ಕು ಪಟ್ಟು.

ಹಳ್ಳಿಯಿಂದ ಬಂದವರ ಮನೆಯಲ್ಲಿ ಮಹಡಿಯೇ ಇರುವುದಿಲ್ಲ ಅಲ್ವಾ? ಅವರಿಗೆ ಬೇರೆ ಥರ ಕೇಳಬೇಕು. ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುತ್ತೀರಾ? ಹೊಲಕ್ಕೆ ನಡೆದು ಹೋಗುತ್ತೀರಾ, ದಾರಿಯಲ್ಲಿ ಎಷ್ಟು ಸಲ ಕೂರುತ್ತೀರಾ? ಕಳೆದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈ ವರ್ಷ ಬಿಟ್ಟಿದ್ದೀರಾ? ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಎಷ್ಟೋ ಸಲ ಎಲ್ಲವನ್ನೂ ಹೇಳಿಬಿಡುತ್ತದೆ.

ಮಂಡಿ ನೋವಿನವರ ವಿಷಯ ಬೇರೆ. ನೋವಿನಿಂದ ಮೆಟ್ಟಿಲು ಹತ್ತಿಯೇ ಎರಡು ವರ್ಷ ಆಗಿರುತ್ತದೆ. ಹೃದಯ ಹೇಗಿದೆ ಅಂತ ಅವರಿಗೂ ಗೊತ್ತಿರುವುದಿಲ್ಲ, ನಮಗೂ ತಿಳಿಯುವುದಿಲ್ಲ. ‘ಎದೆನೋವು ಇಲ್ಲ ಡಾಕ್ಟ್ರೇ’ ಅನ್ನುತ್ತಾರೆ, ಅದು ನಿಜವೇ. ಎದೆನೋವು ಬರುವಷ್ಟು ನಡೆದೇ ಇಲ್ಲ. ಇಂಥವರಲ್ಲಿ ಇಸಿಜಿ, ಕೆಲವರಿಗೆ ಎಕೋ (ಹೃದಯದ ಸ್ಕ್ಯಾನ್), ಇನ್ನು ಕೆಲವರಿಗೆ ಕಾರ್ಡಿಯಾಲಜಿಸ್ಟ್ ಸಲಹೆ ಬೇಕಾಗುತ್ತದೆ. ಮುಖ ನೋಡಿ ‘ಗಟ್ಟಿಮುಟ್ಟಾಗಿದ್ದಾರೆ’ ಅಂದುಕೊಳ್ಳುವ ಡಾಕ್ಟರ ಅಂದಾಜು ನಂಬುವಂಥದ್ದಲ್ಲ ಅಂತ 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ತೋರಿಸಿದೆ. ಬಿಡಿಬಿಡಿಯಾಗಿ ಪ್ರಶ್ನೆ ಕೇಳಿ ಅಂಕ ಹಾಕುವ ಪದ್ಧತಿ ಅದಕ್ಕಿಂತ ಮೇಲು. ಆದ್ದರಿಂದ ಪ್ರಶ್ನೆ ಜಾಸ್ತಿ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ಎಲ್ಲ ಟೆಸ್ಟ್ ಮಾಡಿಸಿದ್ದೇವೆ, ರಿಪೋರ್ಟ್ ನಾರ್ಮಲ್. ಆದರೂ ನೋಡಬೇಕಾ?

ಬೇಕು. ಗೊರಕೆ, ಬಿಗಿದ ಬಾಯಿ, ತಂದೆಗೆ ಆಪರೇಷನ್‌ನಲ್ಲಿ ಆದ ತೊಂದರೆ, ಬೆಳಿಗ್ಗೆ ನುಂಗುವ ಮಾತ್ರೆ, ಇದ್ಯಾವುದೂ ರಕ್ತದ ರಿಪೋರ್ಟಿನಲ್ಲಿ ಬರುವುದಿಲ್ಲ. ಮಾತಾಡಿಸಿ, ಮುಟ್ಟಿ ನೋಡಿದರೇ ಗೊತ್ತಾಗುವುದು.

ಎಲ್ಲರಿಗೂ ಎಲ್ಲ ಟೆಸ್ಟ್ ಮಾಡಿಸುವುದೂ ಸರಿಯಲ್ಲ. ಕಣ್ಣಿನ ಪೊರೆ ಆಪರೇಷನ್ ಬಗ್ಗೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. 19 ಸಾವಿರಕ್ಕೂ ಹೆಚ್ಚು ಆಪರೇಷನ್. ಅರ್ಧ ಜನರಿಗೆ ಮಾಮೂಲಿ ಟೆಸ್ಟ್ ಎಲ್ಲ ಮಾಡಿಸಿದರು, ಇನ್ನರ್ಧ ಜನರಿಗೆ ಮಾಡಿಸಲಿಲ್ಲ. ತೊಂದರೆಯಾದವರ ಪ್ರಮಾಣ ಎರಡೂ ಕಡೆ ಒಂದೇ. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಯಾವ ದರ್ಜೆಯ ರೋಗಿಗೆ ಯಾವ ಆಪರೇಷನ್‌ಗೆ ಯಾವ ಟೆಸ್ಟ್ ಅಂತ ಬೇರೆ ಬೇರೆ ಹೇಳುತ್ತದೆ. ಎದೆಯ ಎಕ್ಸ್‌ರೇಯನ್ನು ಎಲ್ಲರಿಗೂ ತೆಗೆಸಬೇಡಿ ಅನ್ನುತ್ತದೆ.

ನಮ್ಮಲ್ಲಿ ಇನ್ನೂ ಎಷ್ಟೋ ಕಡೆ ‘ಸರ್ಜಿಕಲ್ ಪ್ರೊಫೈಲ್’ ಅಂತ ಇಪ್ಪತ್ತು ಟೆಸ್ಟ್ ಒಟ್ಟಿಗೆ ಬರೆಯುತ್ತಾರೆ. ಕೂಲಿ ಮಾಡುವವರ ವಾರದ ದುಡಿಮೆ ಅದಕ್ಕೇ ಹೋಗುತ್ತದೆ. ಮೊದಲು ಅರಿವಳಿಕೆ ಡಾಕ್ಟರು ನೋಡಲಿ, ಆಮೇಲೆ ಬೇಕಾದ್ದನ್ನು ಮಾತ್ರ ಬರೆಯಲಿ. ಖರ್ಚೂ ಉಳಿಯುತ್ತದೆ. ಸುಮ್ನೆ ಬಂದ ಒಂದು ಹೆಚ್ಚುಕಮ್ಮಿ ಅಂಕಿಯ ಹಿಂದೆ ಅಲೆಯುವುದೂ ತಪ್ಪುತ್ತದೆ.

ನಮ್ಮ ಫಿಸಿಷಿಯನ್ ಫಿಟ್‌ನೆಸ್ ಬರೆದುಕೊಟ್ಟಿದ್ದಾರೆ. ಅದು ಸಾಲದಾ?

ಅದು ತುಂಬ ಉಪಯೋಗದ್ದು, ಖಂಡಿತ ತನ್ನಿ. ನಿಮ್ಮ ಶುಗರ್, ಹೃದಯದ ವಿಷಯ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಉಸಿರಾಟದ ಟ್ಯೂಬು ಸಲೀಸಾಗಿ ಹಾಕಲು ಆಗುತ್ತದಾ, ಬೆನ್ನಿನಲ್ಲಿ ಸೂಜಿ ಹೋಗುತ್ತದಾ, ಯಾವ ಅರಿವಳಿಕೆ ನಿಮಗೆ ಒಳ್ಳೆಯದು ಅನ್ನುವುದು ಅವರ ಕೆಲಸವಲ್ಲ. ಬರೀ ‘ಅರಿವಳಿಕೆಗೆ ಫಿಟ್’ ಅಂತ ಒಂದು ಸಾಲು ಬರೆದ ಚೀಟಿಗಿಂತ, ನಿಮ್ಮ ಕಾಯಿಲೆ ಏನು, ಈಗ ಯಾವ ಸ್ಥಿತಿಯಲ್ಲಿದೆ, ಯಾವ ಔಷಧಿ ನಡೆಯುತ್ತಿದೆ ಅಂತ ಬರೆದ ಚೀಟಿ ನಮಗೆ ನೂರು ಪಾಲು ಉಪಯೋಗ.

ಹರ್ನಿಯಾ ಆಪರೇಷನ್‌ಗೆ ಬಾಯಿ ತೆಗೆಸಿ, ಕುತ್ತಿಗೆ ಎತ್ತಿಸಿ ನೋಡಿದರು. ಯಾಕೆ?

ಇದು ನಮ್ಮ ತಪಾಸಣೆಯ ಅತಿ ಮುಖ್ಯ ಭಾಗ. ಪ್ರಜ್ಞೆ ತಪ್ಪಿಸಿದ ಮೇಲೆ ನಿಮ್ಮ ಉಸಿರಾಟದ ಹೊಣೆ ನಮ್ಮದು. ಅದಕ್ಕೆ ಬಾಯಿಯೊಳಗಿಂದ ದಾರಿ ಬೇಕು.

ಬಾಯಿ ಪೂರ್ತಿ ತೆಗೆದು ನಾಲಿಗೆ ಹೊರಗೆ ಚಾಚಿ ಅನ್ನುತ್ತಾರೆ. ಕಿರುನಾಲಿಗೆ ಕಾಣುತ್ತದಾ ನೋಡುತ್ತಾರೆ. ಆಂಧ್ರ ಮೂಲದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ ಅವರು 1985ರಲ್ಲಿ ವಿವರಿಸಿದ ದರ್ಜೆ ಇದು. ಇಂದು ಜಗತ್ತಿನ ಎಲ್ಲ ಕಡೆ ಅವರ ಹೆಸರಿನಲ್ಲೇ ಬಳಸುತ್ತಾರೆ. ಆಮೇಲೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ, ಮೇಲಿನ ಮತ್ತು ಕೆಳಗಿನ ಹಲ್ಲಿನ ನಡುವೆ ಇಡಲು ಹೇಳುತ್ತಾರೆ. ಗಲ್ಲದಿಂದ ಗಂಟಲಿನ ಉಬ್ಬಿನವರೆಗೆ ಅಳೆಯುತ್ತಾರೆ. ಅಲುಗಾಡುವ ಹಲ್ಲು, ಕಟ್ಟಿಸಿದ ಹಲ್ಲು ನೋಡುತ್ತಾರೆ.

ನಮ್ಮ ಕಡೆ ಗುಟ್ಕಾ, ಮಾವಾ, ಅಡಿಕೆ ಜಗಿಯುವವರು ತುಂಬ ಜನ. ವರ್ಷಗಟ್ಟಲೆ ಜಗಿದರೆ ಕೆನ್ನೆಯ ಒಳಪದರ ಬೆಳ್ಳಗಾಗಿ, ಚಕ್ಕಳದ ಹಾಗೆ ಗಟ್ಟಿಯಾಗುತ್ತದೆ. ಬಾಯಿ ಮೆಲ್ಲಗೆ ಕಿರಿದಾಗುತ್ತಾ ಹೋಗುತ್ತದೆ. ಇದು ಎಷ್ಟು ನಿಧಾನಕ್ಕೆ ಆಗುತ್ತದೆ ಅಂದರೆ ಅವರಿಗೇ ಗೊತ್ತಾಗುವುದಿಲ್ಲ. ರೊಟ್ಟಿ ಚಿಕ್ಕ ಚಿಕ್ಕ ತುಂಡು ಮಾಡಿ ತಿನ್ನುವುದು, ಖಾರ ಸೇರದಿರುವುದು ಎಲ್ಲ ರೂಢಿಯಾಗಿಬಿಟ್ಟಿರುತ್ತದೆ. ಮೂವತ್ತರ ಯುವಕ, ಬಿಪಿ ಇಲ್ಲ, ಶುಗರ್ ಇಲ್ಲ, ಎಎಸ್ಎ ಪ್ರಕಾರ ಬಹುತೇಕ ಆರೋಗ್ಯವಂತ. ಆದರೆ ಬಾಯಿಯಲ್ಲಿ ಒಂದು ಬೆರಳಷ್ಟೇ ಹಿಡಿಸುತ್ತದೆ. ಅವನನ್ನು ಆಪರೇಷನ್ ಟೇಬಲ್ಲಿನ ಮೇಲೆ ಮೊದಲ ಸಲ ನೋಡುವುದು ಎಷ್ಟು ಅಪಾಯ ಅಂತ ಈ ಕೆಲಸದಲ್ಲಿರುವವರಿಗೆ ಗೊತ್ತು. ಮುಂಚೆ ಗೊತ್ತಾದರೆ ದಾರಿ ಇದೆ. ಮೂಗಿನ ಮೂಲಕ ತೆಳುವಾದ ಕ್ಯಾಮೆರಾ ಹಾಕಿ, ರೋಗಿ ಎಚ್ಚರ ಇರುವಾಗಲೇ ಟ್ಯೂಬು ಕೂರಿಸಬಹುದು. ಆ ಸಲಕರಣೆ ಇರುವ ಆಸ್ಪತ್ರೆಗೆ ಕಳಿಸಬಹುದು. ಮೂರು ಬೆರಳಿನ ಪರೀಕ್ಷೆ ಮನೆಯಲ್ಲೇ ಮಾಡಿ ನೋಡಿ. ಹಿಡಿಸದಿದ್ದರೆ ಸರ್ಜನ್‌ಗೆ ಮೊದಲ ದಿನವೇ ಹೇಳಿ. ಗುಟ್ಕಾ ತಿನ್ನುವ ವಿಷಯ ಮನೆಯವರ ಮುಂದೆ ಹೇಳಲು ಸಂಕೋಚವಾದರೆ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕು ಅನ್ನಿ.

ಹಿಂದೆ ಅಪ್ಪನಿಗೆ ಆಪರೇಷನ್ ಆದ ಮೇಲೆ ಎಚ್ಚರ ಆಗುವುದು ತುಂಬ ತಡವಾಗಿತ್ತು. ಈಗ ನನಗೆ ಆಪರೇಷನ್. ಹೇಳಬೇಕಾ?

ಮೊದಲು ಹೇಳಬೇಕಾದ್ದೇ ಅದು. ಟ್ಯೂಬು ಹಾಕುವಾಗ ಕೊಡುವ ಸಕ್ಸಿನೈಲ್‌ಕೋಲಿನ್ ಅನ್ನುವ ಔಷಧಿ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ಕೆಲವರ ರಕ್ತದಲ್ಲಿ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅವರಿಗೆ ಸ್ನಾಯುಗಳ ಶಕ್ತಿ ಮರಳಲು ಗಂಟೆಗಟ್ಟಲೆ ಬೇಕು, ಅಲ್ಲಿಯವರೆಗೆ ವೆಂಟಿಲೇಟರ್ ಬೇಕು. ದಕ್ಷಿಣ ಭಾರತದ ಆರ್ಯವೈಶ್ಯ ಸಮುದಾಯದಲ್ಲಿ ಇದು ಬೇರೆಯವರಿಗಿಂತ ಜಾಸ್ತಿ ಅಂತ ವೈದ್ಯಕೀಯದಲ್ಲಿ ದಾಖಲಾಗಿದೆ. ಹಾಗಾಗಿ ಡಾಕ್ಟರು ಸಮುದಾಯದ ಬಗ್ಗೆ ಕೇಳಿದರೆ ತಪ್ಪು ತಿಳಿಯಬೇಡಿ. ಮುಂಚೆ ಗೊತ್ತಿದ್ದರೆ ಬೇರೆ ಔಷಧಿ ಇದೆ, ತೊಂದರೆಯೇ ಇಲ್ಲ.

ಹೊಲಕ್ಕೆ ಔಷಧಿ ಹೊಡೆಯುವವರೂ ಇದನ್ನು ಗಮನಿಸಬೇಕು. ಕೆಲವು ಕೀಟನಾಶಕಗಳು ಇದೇ ಕಿಣ್ವವನ್ನು ಕುಗ್ಗಿಸುತ್ತವೆ. ಇತ್ತೀಚೆಗೆ ಸಿಂಪಡಿಸಿ ತಲೆಸುತ್ತು, ವಾಂತಿ ಆಗಿದ್ದರೆ ಹೇಳಿ.

ಅರಿವಳಿಕೆಯಲ್ಲಿ ಮೈ ಇದ್ದಕ್ಕಿದ್ದಂತೆ ಸುಡುವ ಹಾಗೆ ಜ್ವರ ಏರಿ ಯಾರಾದರೂ ತೀರಿಕೊಂಡಿದ್ದರೆ ಅದನ್ನೂ ಹೇಳಿ. ವಂಶದಲ್ಲಿ ಬರುವ ಅಪರೂಪದ ತೊಂದರೆ ಅದು. ಮೈಸೂರು, ಚಾಮರಾಜನಗರ, ಕೊಡಗಿನ ಕಾಡಂಚಿನ ಬುಡಕಟ್ಟು ಸಮುದಾಯದವರು ಸಿಕಲ್ ಸೆಲ್ (ವಂಶದಲ್ಲಿ ಬರುವ ರಕ್ತದ ಕಾಯಿಲೆ) ಪರೀಕ್ಷೆಯ ಕಾರ್ಡ್ ಇದ್ದರೆ ತನ್ನಿ.

ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ನುಂಗಬೇಕು?

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ನೀವಾಗಿ ಮುಂದುವರಿಸಲೂ ಬೇಡಿ. ಕೇಳಿ. ಮುಂಚೆ ಬರಬೇಕು ಅನ್ನುವುದಕ್ಕೆ ಇದೇ ದೊಡ್ಡ ಕಾರಣ, ಯಾಕೆಂದರೆ ಕೆಲವು ಔಷಧಿ ನಿಲ್ಲಿಸಲು ದಿನಗಳ ಮುಂಚೆಯೇ ಗೊತ್ತಿರಬೇಕು.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆಗಳನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಶುಗರ್ ನಾರ್ಮಲ್ ಕಾಣುತ್ತಿರುವಾಗಲೇ ರಕ್ತದಲ್ಲಿ ಆಮ್ಲ ಏರಬಹುದು. ವಾರ್ಫರಿನ್‌ಗೆ ಸಾಮಾನ್ಯವಾಗಿ 5 ದಿನ, ಕ್ಲೋಪಿಡೋಗ್ರೆಲ್‌ಗೆ 5ರಿಂದ 7 ದಿನ ಬೇಕು. ಆದರೆ ರಕ್ತ ತೆಳು ಮಾಡುವ ಇವೆರಡನ್ನು ಹಾರ್ಟ್ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ತೂಕ ಇಳಿಸುವ ಇಂಜೆಕ್ಷನ್ ಹೊಟ್ಟೆ ಖಾಲಿಯಾಗುವುದನ್ನು ತಡ ಮಾಡುತ್ತದೆ, ಅದನ್ನು ಮರೆಯದೆ ಹೇಳಿ. ಬೀಟಾ ಬ್ಲಾಕರ್ (ಬಿಪಿ, ಹೃದಯಕ್ಕೆ ಕೊಡುವ ಒಂದು ಬಗೆಯ ಮಾತ್ರೆ), ಥೈರಾಯ್ಡ್, ಫಿಟ್ಸ್ ಮಾತ್ರೆ ಮತ್ತು ಅಸ್ತಮಾ ಪಂಪು ಸಾಮಾನ್ಯವಾಗಿ ಆಪರೇಷನ್ ದಿನವೂ ನಡೆಯುತ್ತವೆ.

ಆಯುರ್ವೇದದ ಚೂರ್ಣ, ಊರ ಮದ್ದು, ಜಿಮ್ ಪುಡಿ ‘ಔಷಧಿ ಅಲ್ಲ’ ಅಂತ ಬಿಡಬೇಡಿ. ಮಂಡಿ ನೋವಿಗೆ ಯಾರೋ ಕೊಟ್ಟ ಹೆಸರಿಲ್ಲದ ಪುಡಿಯಲ್ಲಿ ಸ್ಟೀರಾಯ್ಡ್ ಸೇರಿರಬಹುದು. ಅದನ್ನು ತಿಂಗಳುಗಟ್ಟಲೆ ತಿಂದು ಏಕಾಏಕಿ ಬಿಟ್ಟರೆ ಆಪರೇಷನ್ ಹೊತ್ತಿಗೆ ಬಿಪಿ ಕುಸಿಯಬಹುದು.

ಸ್ಟೆಂಟ್ ಹಾಕಿ ಎಷ್ಟು ದಿನ ಆದ ಮೇಲೆ ಬೇರೆ ಆಪರೇಷನ್ ಮಾಡಿಸಬಹುದು?

ಅವಸರವಿಲ್ಲದ ಆಪರೇಷನ್ ಆದರೆ, ಔಷಧಿ ಲೇಪಿತ ಸ್ಟೆಂಟ್ ಹಾಕಿ 6 ತಿಂಗಳು ಕಾಯುವುದು ಒಳ್ಳೆಯದು. ಹಾರ್ಟ್ ಅಟ್ಯಾಕ್ ಆಗಿ ಹಾಕಿಸಿಕೊಂಡಿದ್ದರೆ ಸಾಧ್ಯವಾದಷ್ಟು 12 ತಿಂಗಳು. ಅಟ್ಯಾಕ್ ಆಗಿ ಸ್ಟೆಂಟ್ ಹಾಕದಿದ್ದರೆ ಕನಿಷ್ಠ 60 ದಿನ. ಪಾರ್ಶ್ವವಾಯು ಆಗಿದ್ದರೆ ಕನಿಷ್ಠ 3 ತಿಂಗಳು. ಕ್ಯಾನ್ಸರ್ ಥರ ಕಾಯಲು ಆಗದ ಆಪರೇಷನ್ ಇದ್ದರೆ ಸರ್ಜನ್, ಕಾರ್ಡಿಯಾಲಜಿಸ್ಟ್, ಅರಿವಳಿಕೆ ತಜ್ಞರು ಮೂವರೂ ಕೂತು ತೀರ್ಮಾನಿಸುತ್ತಾರೆ.

ಬಿಪಿ, ಶುಗರ್ ಎಷ್ಟಿದ್ದರೆ ಮುಂದೂಡುತ್ತಾರೆ?

ಬಿಪಿ 180/110 ಮುಟ್ಟಿದ್ದರೆ ಅವಸರವಿಲ್ಲದ ಆಪರೇಷನ್ ಸಾಮಾನ್ಯವಾಗಿ ಮುಂದಕ್ಕೆ ಹೋಗುತ್ತದೆ. ಶುಗರ್‌ಗೆ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ನೋಡುತ್ತೇವೆ. 8.5ಕ್ಕಿಂತ ಮೇಲಿದ್ದರೆ ಗಾಯ ಮಾಯುವುದು ತಡ, ಕೀವಾಗುವ ಭಯ ಜಾಸ್ತಿ. ಮೊದಲು ಅದನ್ನು ಇಳಿಸಿ ಅನ್ನುತ್ತೇವೆ. ಆಪರೇಷನ್ ದಿನ ಬೆಳಿಗ್ಗೆ ಹೆದರಿಕೆಯಿಂದ ಬಿಪಿ ಸ್ವಲ್ಪ ಏರುವುದು ಬೇರೆ. ಅದಕ್ಕೇ ಮನೆಯಲ್ಲಿ ಅಳೆದು ಬರೆದಿಟ್ಟ ಚೀಟಿ ತನ್ನಿ.

ಅಮ್ಮನಿಗೆ ಹಿಮೋಗ್ಲೋಬಿನ್ 8.5. ಆಪರೇಷನ್ ದಿನ ರಕ್ತ ಕೊಟ್ಟರೆ ಆಯಿತಲ್ವಾ?

ಇದು ನಮಗೆ ನಿಜಕ್ಕೂ ಸಂಕಟ ಕೊಡುವ ಪ್ರಶ್ನೆ. ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ನಮ್ಮ ಹೆಂಗಸರಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ ಮನೆಯವರು ಅದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ. ‘ಅವಳಿಗೆ ಮೊದಲಿಂದಲೂ ರಕ್ತ ಕಮ್ಮಿ’ ಅಂದು ಸುಮ್ಮನಾಗುತ್ತಾರೆ. ಗರ್ಭಕೋಶದ ಗಡ್ಡೆಯಿಂದ ವರ್ಷಗಟ್ಟಲೆ ಮುಟ್ಟಿನಲ್ಲಿ ರಕ್ತ ಹೋಗಿರುತ್ತದೆ. ಆಪರೇಷನ್‌ಗೆ ಬಂದಾಗಲೇ ಮೊದಲ ಸಲ ಅಳೆಯುವುದು.

ರಕ್ತ ಕೊಡುವುದು ಬೇರೆ ದಾರಿ ಇಲ್ಲದಾಗ. ಕೊರತೆ ಕಬ್ಬಿಣಾಂಶದ್ದಾದರೆ ಮಾತ್ರೆಯಿಂದ ಏರಲು ಕೆಲವು ವಾರ ಬೇಕು. ರಕ್ತನಾಳಕ್ಕೆ ಕೊಡುವ ಕಬ್ಬಿಣದ ಡ್ರಿಪ್‌ನಿಂದ ಎರಡು ಮೂರು ವಾರದಲ್ಲೇ ವ್ಯತ್ಯಾಸ ಕಾಣುತ್ತದೆ. ಮುಂಚೆ ಬಂದರೆ ಮಾತ್ರ ಇದು ಸಾಧ್ಯ. ಹೆಂಗಸರ ಆಪರೇಷನ್ ತೀರ್ಮಾನವಾದ ದಿನವೇ ಒಂದು ಹಿಮೋಗ್ಲೋಬಿನ್ ಮಾಡಿಸಿ ಅಂತ ಕೈಮುಗಿದು ಕೇಳುತ್ತೇವೆ. ಗಂಡಸರಲ್ಲಿ, ಮುಟ್ಟು ನಿಂತ ಹೆಂಗಸರಲ್ಲಿ ರಕ್ತ ಕಡಿಮೆ ಇದ್ದರೆ ಎಲ್ಲಿ ಸೋರುತ್ತಿದೆ ಅಂತಲೂ ಹುಡುಕಬೇಕು.

ಗೊರಕೆಗೂ ಆಪರೇಷನ್‌ಗೂ ಏನು ಸಂಬಂಧ?

ಜೋರು ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುವವರಿಗೆ ಅರಿವಳಿಕೆಯ ನಂತರದ ರಾತ್ರಿ ಅಪಾಯ ಜಾಸ್ತಿ. ನೋವಿಗೆ ಕೊಡುವ ಬಲವಾದ ಔಷಧಿಗಳು ಅವರ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ಎಂಟು ಪ್ರಶ್ನೆ ಕೇಳುತ್ತೇವೆ: ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ, ತೂಕ, 50 ದಾಟಿದ ವಯಸ್ಸು, ಕತ್ತಿನ ಸುತ್ತಳತೆ, ಗಂಡಸಾ ಅಂತ. 5ಕ್ಕೆ ಅಥವಾ ಅದಕ್ಕಿಂತ ಜಾಸ್ತಿ ಪ್ರಶ್ನೆಗೆ ಹೌದು ಅಂದರೆ ಎಚ್ಚರ ಬೇಕು. ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಗೊತ್ತಿರುವುದು ಪಕ್ಕದಲ್ಲಿ ಮಲಗುವವರಿಗೆ. ಹೆಂಡತಿಯೋ ಗಂಡನೋ ಜತೆಗೆ ಬರಲಿ.

ಮಗುವಿಗೆ ಟಾನ್ಸಿಲ್ ಆಪರೇಷನ್, ನಿನ್ನೆಯಿಂದ ಮೂಗು ಸೋರುತ್ತಿದೆ. ಕರೆದುಕೊಂಡು ಬರಬಹುದಾ?

ಮೊದಲು ಫೋನ್ ಮಾಡಿ. ತಿಳಿ ನೀರಿನಂತೆ ಸೋರುತ್ತಾ ಮಗು ಆಟವಾಡಿಕೊಂಡಿದ್ದರೆ ನೋಡಿ ತೀರ್ಮಾನಿಸಬಹುದು. ಜ್ವರ, ಹಸಿರು ಸಿಂಬಳ, ಎದೆಯಲ್ಲಿ ಗೊರಗೊರ ಸದ್ದು ಇದ್ದರೆ 2ರಿಂದ 4 ವಾರ ಮುಂದೂಡುವುದು ಕ್ಷೇಮ. ಶೀತವಾದ ಮಗುವಿನ ಶ್ವಾಸನಾಳ ಅರಿವಳಿಕೆಯಲ್ಲಿ ಬೇಗ ಬಿಗಿದುಕೊಳ್ಳುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಕೂಸಾದರೆ ಎಷ್ಟನೇ ವಾರಕ್ಕೆ ಹುಟ್ಟಿತು ಅಂತ ಹೇಳಿ. ಅಂಥ ಕೂಸುಗಳು ಚಿಕ್ಕ ಆಪರೇಷನ್ ಆದರೂ ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಬೇಕಾಗಬಹುದು.

ಬರೀ ಬೆನ್ನಿಗೆ ಇಂಜೆಕ್ಷನ್ ಅಂದಿದ್ದಾರೆ. ಅದಕ್ಕೂ ಇಷ್ಟೆಲ್ಲ ಬೇಕಾ?

ಬೇಕು. ಬೆನ್ನಿನ ಇಂಜೆಕ್ಷನ್‌ನಿಂದ ಬಿಪಿ ಇಳಿಯುತ್ತದೆ. ಹೃದಯದ ವಾಲ್ವ್ ಕಿರಿದಾಗಿದ್ದರೆ ಆ ಇಳಿತ ತಡೆಯಲು ಆಗುವುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದ್ದರೆ ಬೆನ್ನೆಲುಬಿನೊಳಗೆ ರಕ್ತ ಕಟ್ಟುವ ಭಯ ಇರುತ್ತದೆ. ಇನ್ನೊಂದು ಮಾತು: ಕೆಲವೊಮ್ಮೆ ಇಂಜೆಕ್ಷನ್ ಸಾಕಾಗದೆ ಮಧ್ಯದಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗುತ್ತದೆ.

ಗರ್ಭಿಣಿಯರು ತಪಾಸಣೆಗೆ ಯಾವಾಗ ಬರಬೇಕು?

ಸಿಸೇರಿಯನ್ ಮುಂಚೆಯೇ ಗೊತ್ತಾಗಿದ್ದರೆ ಕೆಲವು ದಿನ ಮುಂಚೆ. ಬಿಪಿ ಏರಿಕೆ, ಪ್ಲೇಟ್‌ಲೆಟ್ ಕಡಿಮೆ, ಬೆನ್ನಿನ ಆಪರೇಷನ್ ಆದವರು, ತುಂಬ ತೂಕ ಇರುವವರು, ಹಿಂದಿನ ಸಿಸೇರಿಯನ್ ಜಾಗದಲ್ಲಿ ಮಾಸು ಕೂತವರು ಇನ್ನೂ ಮುಂಚೆ. ಚಿಕ್ಕಂದಿನ ರುಮ್ಯಾಟಿಕ್ ಜ್ವರದಿಂದ ಹೃದಯದ ವಾಲ್ವ್ ಹಾಳಾದದ್ದು ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಬಸಿರಿನಲ್ಲೇ ಮೊದಲು ಗೊತ್ತಾಗುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆ ಅಂದರೆ ‘ಬಸಿರಲ್ಲಿ ಇದೆಲ್ಲ ಮಾಮೂಲಿ’ ಅಂತ ತಳ್ಳಿಹಾಕಬೇಡಿ.

ಎಮರ್ಜೆನ್ಸಿ ಆದರೆ?

ಕಾಯುವುದಿಲ್ಲ. ಅಪೆಂಡಿಕ್ಸ್ ಒಡೆದಿದ್ದರೆ, ಮಗುವಿನ ಹೃದಯಬಡಿತ ಇಳಿಯುತ್ತಿದ್ದರೆ, ಒಟಿಗೆ ಹೋಗುವ ದಾರಿಯಲ್ಲೇ ಕೇಳಿಕೊಳ್ಳುತ್ತೇವೆ: ಅಲರ್ಜಿ ಇದೆಯಾ, ಯಾವ ಔಷಧಿ, ಯಾವ ಕಾಯಿಲೆ, ಕೊನೆಗೆ ಊಟ ಮಾಡಿದ್ದು ಯಾವಾಗ. ಇಷ್ಟಕ್ಕೆ ಥಟ್ಟನೆ, ನಿಜ ಉತ್ತರ ಕೊಡುವವರು ಒಬ್ಬರು ಜತೆಗಿರಬೇಕು. ಸೊಂಟ ಮುರಿದ ಹಿರಿಯರ ವಿಷಯದಲ್ಲಿ ಎಲ್ಲ ಟೆಸ್ಟ್ ಮುಗಿಯಲಿ ಅಂತ ದಿನಗಟ್ಟಲೆ ಮಲಗಿಸುವುದೇ ಜಾಸ್ತಿ ಅಪಾಯ.

ಈ ತಪಾಸಣೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕಾ?

ಬೇಡ. ಊಟ ಮಾಡಿ, ಮಾತ್ರೆ ನುಂಗಿ ಬನ್ನಿ. ದೂರದ ತಾಲ್ಲೂಕಿನಿಂದ ಮೊದಲ ಬಸ್ಸಿಗೆ ಹೊರಟು, ಶುಗರ್ ಇದ್ದರೂ ಉಪವಾಸ ಬಂದು, ಸಾಲಿನಲ್ಲಿ ತಲೆಸುತ್ತಿ ಕೂರುವವರನ್ನು ನೋಡಿದಾಗ ಬೇಜಾರಾಗುತ್ತದೆ. ಉಪವಾಸ ಆಪರೇಷನ್ ದಿನಕ್ಕೆ: ಎಣ್ಣೆಯಲ್ಲಿ ಕರಿದದ್ದು, ಮಾಂಸದೂಟ ಆದರೆ 8 ಗಂಟೆ, ಹಗುರ ತಿಂಡಿ, ಹಾಲು ಆದರೆ 6 ಗಂಟೆ, ತಾಯಿ ಹಾಲು 4 ಗಂಟೆ, ಬರೀ ನೀರು 2 ಗಂಟೆ. ಹಾಲು ಹಾಕಿದ ಕಾಫಿ, ಮಜ್ಜಿಗೆ, ರಾಗಿ ಗಂಜಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ರಾತ್ರಿಯಿಂದ ಒಂದು ಹನಿ ನೀರೂ ಕುಡಿಯದೆ ಮಧ್ಯಾಹ್ನದವರೆಗೆ ಇರುವುದರಿಂದ ಯಾವ ಲಾಭವೂ ಇಲ್ಲ.

ನಮ್ಮೂರು ದೂರ. ಫೋನಿನಲ್ಲಿ ಆಗಲ್ವಾ?

ಅರ್ಧ ಆಗುತ್ತದೆ. ಆರೋಗ್ಯವಂತರಿಗೆ ಚಿಕ್ಕ ಆಪರೇಷನ್ ಇದ್ದರೆ ಪ್ರಶ್ನೆಗಳನ್ನು ಫೋನಿನಲ್ಲೇ ಕೇಳಿ, ದೇಹ ಪರೀಕ್ಷೆ ಆ ದಿನ ಬೆಳಿಗ್ಗೆ ಮಾಡಬಹುದು. ಆ ಪ್ರಶ್ನೆಗಳಲ್ಲಿ ಏನಾದರೂ ಸಿಕ್ಕಿದರೆ ಮಾತ್ರ ಮುಂಚೆ ಕರೆಸಬೇಕು. ನಿಮ್ಮ ಆಸ್ಪತ್ರೆಯಲ್ಲಿ ಈ ಏರ್ಪಾಡು ಇದೆಯಾ ಕೇಳಿ. ಇಲ್ಲದಿದ್ದರೆ ಸರ್ಜನ್ ನೋಡುವ ದಿನವೇ ಅರಿವಳಿಕೆ ಒಪಿಡಿಗೂ ಕಳಿಸಿ ಅನ್ನಿ, ಇನ್ನೊಂದು ಸಲದ ಬಸ್ ಚಾರ್ಜು, ಕೂಲಿ ಎರಡೂ ಉಳಿಯುತ್ತದೆ.

ಬರುವಾಗ ಏನೇನು ತರಬೇಕು?

ಹಳೆಯ ಡಿಸ್‌ಚಾರ್ಜ್ ಚೀಟಿ, ಇಸಿಜಿ, ಎಕೋ ರಿಪೋರ್ಟ್. ಮಾತ್ರೆಗಳ ಹೆಸರು ನೆನಪಿಲ್ಲದಿದ್ದರೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್ಪುಗಳನ್ನು ಹಾಗೇ ಒಂದು ಚೀಲದಲ್ಲಿ ತನ್ನಿ. ‘ಬೆಳ್ಳಗಿನ ಚಿಕ್ಕ ಮಾತ್ರೆ’ ಅಂದರೆ ನಮಗೆ ತಿಳಿಯುವುದಿಲ್ಲ. ಸ್ಟ್ರಿಪ್ಪು ಕತ್ತರಿಸುವಾಗ ಹೆಸರಿರುವ ತುದಿ ಉಳಿಸಿಕೊಳ್ಳಿ. ಬೀಡಿ ಸಿಗರೇಟು ಅವತ್ತಿನಿಂದಲೇ ನಿಲ್ಲಿಸಿ. 4 ವಾರ ಬಿಟ್ಟರೆ ತುಂಬ ಒಳ್ಳೆಯದು, ಒಂದೇ ದಿನ ಬಿಟ್ಟರೂ ರಕ್ತದಲ್ಲಿನ ವಿಷಗಾಳಿ ಇಳಿಯುತ್ತದೆ.

ತಪಾಸಣೆ ಆಗಿ ವಾರವಾಯಿತು. ಈಗ ಜ್ವರ ಬಂದಿದೆ. ಹೇಳಿದರೆ ಆಪರೇಷನ್ ಮುಂದೂಡುತ್ತಾರೆ ಅಂತ ಭಯ.

ಹೇಳಿ. ಜ್ವರ, ಕೆಮ್ಮು, ಹೊಸ ಎದೆನೋವು, ಹೊಸ ಮಾತ್ರೆ, ಚರ್ಮದಲ್ಲಿ ಹುಣ್ಣು, ಏನೇ ಬಂದರೂ ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿ. ನೆಂಟರು ರಜೆ ಹಾಕಿರುತ್ತಾರೆ, ಆಯುಷ್ಮಾನ್ ಅನುಮತಿ ಬಂದಿರುತ್ತದೆ, ಎಲ್ಲ ನಿಜ. ಆ ಅನುಮತಿಯ ತಾರೀಖು ಬದಲಿಸುವುದು ಹೇಗೆ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ಪ್ರತಿ ಫೋನಿಗೂ ಆಪರೇಷನ್ ಮುಂದೆ ಹೋಗುವುದಿಲ್ಲ. ಎಷ್ಟೋ ಸಲ ಒಂದು ಸಲ ಬಂದು ತೋರಿಸಿ ಅನ್ನುತ್ತಾರೆ, ನೋಡಿ ಅದೇ ದಿನಕ್ಕೆ ಉಳಿಸುತ್ತಾರೆ.